ಪುಟ ಬಂದರೆ ಏಳುವ, ಕೆಲಸ ಮುಗಿದರೆ ಮಲಗುವ ಮೆಷಿನ್: ಆರು ವಾರದ ಲಾಗ್

ನಮ್ಮೂರು ತಿಪಟೂರಿನ ಹತ್ತಿರ. ಅಲ್ಲಿನ ಗ್ರಂಥಾಲಯದಲ್ಲಿ ಹಳೆಯ ಕನ್ನಡ ಪುಸ್ತಕಗಳಿರುವ ಎರಡು ಬೀರುಗಳಿವೆ. ನನಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಮೇಷ್ಟ್ರು ರಿಟೈರ್ ಆದ ಮೇಲೆ ಆ ಪುಸ್ತಕಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡುತ್ತಿದ್ದಾರೆ. ಲೇಖಕರು ತೀರಿಕೊಂಡು 60 ವರ್ಷ ದಾಟಿದ ಪುಸ್ತಕಗಳು ಮಾತ್ರ, ಯಾಕೆಂದರೆ ನಮ್ಮಲ್ಲಿ ಹಕ್ಕುಸ್ವಾಮ್ಯ ಅಲ್ಲಿಯವರೆಗೂ ಇರುತ್ತದೆ. ಸ್ಕ್ಯಾನ್ ಆದ ಪುಟದಿಂದ ಅಕ್ಷರ ಎತ್ತುವ ಕೆಲಸ ನನ್ನದು. ನಾನಿರುವುದು ಬೆಂಗಳೂರಿನಲ್ಲಿ, ಅವರು ಅಲ್ಲಿ. ಅವರಿಗೆ ಬಿಡುವು ಸಿಕ್ಕಾಗ ನನಗೆ ಆಫೀಸು, ನನಗೆ ಬಿಡುವಾದಾಗ ಅವರು ಮಲಗಿರುತ್ತಾರೆ.

ಹಾಗಾಗಿ ಇದು ತಾನಾಗಿಯೇ ನಡೆಯಬೇಕಿತ್ತು. ಮೇಷ್ಟ್ರು ಪುಟ ಹಾಕಿದರೆ ಕ್ಲೌಡಿನಲ್ಲಿ ಬಾಡಿಗೆಗೆ ಹಿಡಿದ ಒಂದು ಮೆಷಿನ್ ಏಳಬೇಕು, ಚಿತ್ರದಿಂದ ಅಕ್ಷರ ಓದುವ ಟೆಸೆರಾಕ್ಟ್ ಅನ್ನುವ ಸಾಫ್ಟ್‌ವೇರ್ ಓಡಿಸಬೇಕು, ಪಠ್ಯ ಬರೆದಿಟ್ಟು ಮತ್ತೆ ಮಲಗಬೇಕು. ಮಲಗುವುದು ಮುಖ್ಯ. ದುಡ್ಡು ನನ್ನ ಜೇಬಿನದು.

ಒಂದು ಶನಿವಾರದ ಕೆಲಸ ಅಂದುಕೊಂಡಿದ್ದೆ. ಆರು ವಾರ ಹಿಡಿಯಿತು. ಟೆಸೆರಾಕ್ಟ್ ಭಾಗ ಎರಡೇ ದಿನದಲ್ಲಿ ಮುಗಿದಿತ್ತು. ಉಳಿದ ಸಮಯವೆಲ್ಲ ಹೋದದ್ದು ಮೆಷಿನ್ ಈಗ ಯಾವ ಸ್ಥಿತಿಯಲ್ಲಿದೆ ಅನ್ನುವ ಒಂದೇ ಪ್ರಶ್ನೆಗೆ.

ಸಾಮಾನು

ಅಮೆಜಾನಿನ ಕ್ಲೌಡ್ ಸೇವೆ ಎಡಬ್ಲ್ಯೂಎಸ್‌ನ ಮುಂಬೈ ರೀಜನ್. ಸಿ6ಐ ಎಕ್ಸ್‌ಲಾರ್ಜ್ ಮೆಷಿನ್ ಒಂದು, 4 ವಿಸಿಪಿಯು (ವರ್ಚುವಲ್ ಸಿಪಿಯು), 8 ಜಿಬಿ ಮೆಮೊರಿ. ಟಿ3 ಸಾಲಿನ ಮೆಷಿನ್ ಕೂಡ ಇದೆ, ಆದರೆ ಅದು ಸುಮ್ಮನಿದ್ದಾಗ ಕೂಡಿಟ್ಟ ಕ್ರೆಡಿಟ್ ಖರ್ಚು ಮಾಡುವ ಲೆಕ್ಕದಲ್ಲಿ ಓಡುತ್ತದೆ, ಅಕ್ಷರ ಎತ್ತುವಂಥ ಸಿಪಿಯು ತಿನ್ನುವ ಕೆಲಸಕ್ಕೆ ಅದು ಸರಿಹೋಗಲ್ಲ. ಪುಟಗಳಿಗೆ ಎಸ್3 ಬಕೆಟ್ (ಫೈಲ್ ಇಡುವ ಜಾಗ), ಮಧ್ಯದ ತೀರ್ಮಾನಗಳಿಗೆ ಲ್ಯಾಂಬ್ಡಾ ಫಂಕ್ಷನ್ (ಕರೆದಾಗ ಮಾತ್ರ ಓಡುವ ಚಿಕ್ಕ ಕೋಡ್), ಸುದ್ದಿ ಮುಟ್ಟಿಸಲು ಈವೆಂಟ್‌ಬ್ರಿಡ್ಜ್. ಟೆಸೆರಾಕ್ಟ್ ಓಡಿಸುವವರಿಗೆ ಒಂದು ಮಾತು: ಒಂದು ಪುಟಕ್ಕೆ ಒಂದೇ ಥ್ರೆಡ್ (ಒಟ್ಟಿಗೆ ಓಡುವ ಕೆಲಸದ ಒಂದು ಎಳೆ) ಕೊಟ್ಟು, ನಾಲ್ಕು ಪುಟ ಒಟ್ಟಿಗೆ ಓಡಿಸಿ. ಅದರ ಪಾಡಿಗೆ ಬಿಟ್ಟರೆ ಥ್ರೆಡ್‌ಗಳು ಒಂದರ ಕಾಲು ಒಂದು ತುಳಿಯುತ್ತವೆ. ನನ್ನ ಪುಟಗಳಲ್ಲಿ ವ್ಯತ್ಯಾಸ ಕಣ್ಣಿಗೆ ಹೊಡೆಯುವಷ್ಟಿತ್ತು.

ಇಸಿ2 (ಎಡಬ್ಲ್ಯೂಎಸ್‌ನಲ್ಲಿ ಮೆಷಿನ್ ಬಾಡಿಗೆಗೆ ಕೊಡುವ ಸೇವೆ) ಮೆಷಿನ್‌ಗೆ ಮುಖ್ಯವಾಗಿ ಆರು ಸ್ಟೇಟ್, ಅಂದರೆ ಸ್ಥಿತಿ. ಶುರುವಾಗುವಾಗ ಪೆಂಡಿಂಗ್, ಆಮೇಲೆ ರನ್ನಿಂಗ್. ನಿಲ್ಲಿಸಿದರೆ ಸ್ಟಾಪಿಂಗ್, ಆಮೇಲೆ ಸ್ಟಾಪ್ಡ್. ಶಾಶ್ವತವಾಗಿ ತೆಗೆದರೆ ಶಟ್ಟಿಂಗ್ ಡೌನ್, ಆಮೇಲೆ ಟರ್ಮಿನೇಟೆಡ್. ಸ್ಟೇಟ್ ಬದಲಾದಾಗಲೆಲ್ಲ ಈವೆಂಟ್‌ಬ್ರಿಡ್ಜ್‌ಗೆ ಒಂದು ಈವೆಂಟ್ ಹೋಗುತ್ತದೆ. ಅದರಲ್ಲಿ ಮೆಷಿನ್‌ನ ಐಡಿ ಮತ್ತು ಹೊಸ ಸ್ಟೇಟ್ ಇರುತ್ತವೆ. ರೀಬೂಟ್ ಮಾಡಿದರೆ ಈವೆಂಟ್ ಬರುವುದಿಲ್ಲ, ಯಾಕೆಂದರೆ ರೀಬೂಟ್ ಆಗುವಾಗಲೂ ಅದು ರನ್ನಿಂಗ್‌ನಲ್ಲೇ ಇರುತ್ತದೆ. ಇಷ್ಟು ಓದಿಕೊಂಡು ಶುರು ಮಾಡಿದೆ. ಓದುವಾಗ ನನ್ನ ಕಣ್ಣು ನಿಂತದ್ದು ರನ್ನಿಂಗ್ ಮತ್ತು ಸ್ಟಾಪ್ಡ್ ಮೇಲೆ ಮಾತ್ರ. ನಡುವಿನವನ್ನು ದಾಟಿಕೊಂಡು ಹೋದೆ.

ಮೊದಲ ರೂಪ, ಮೊದಲ ರಾತ್ರಿ

ಮೊದಲ ರೂಪ ತೀರಾ ಸರಳ. ಎಸ್3ಗೆ ಪುಟ ಬಂದರೆ ಲ್ಯಾಂಬ್ಡಾ ಏಳುತ್ತದೆ, ಮೆಷಿನ್ ಸ್ಟಾರ್ಟ್ ಮಾಡುತ್ತದೆ. ಕೆಲಸದ ಸ್ಕ್ರಿಪ್ಟನ್ನು ಯೂಸರ್ ಡೇಟಾದಲ್ಲಿ (ಮೆಷಿನ್ ಮಾಡುವಾಗ ಅದಕ್ಕೆ ಕೊಡುವ ಸೂಚನೆಗಳ ಜಾಗ) ಹಾಕಿದ್ದೆ, ಕೊನೆಯ ಸಾಲಿನಲ್ಲಿ ಶಟ್‌ಡೌನ್.

ಮೊದಲ ಸಲ ಚೆನ್ನಾಗಿ ಓಡಿತು. ಮೇಷ್ಟ್ರಿಗೆ ಫೋನ್ ಮಾಡಿ ಹೇಳಿದೆ, ಅವರೂ ಖುಷಿಪಟ್ಟರು. ಮರುದಿನ ಸಂಜೆ ಅವರು ಇನ್ನೊಂದಷ್ಟು ಪುಟ ಹಾಕಿದರು. ಮೆಷಿನ್ ಎದ್ದಿತು, ಆದರೆ ಏನೂ ಮಾಡಲಿಲ್ಲ. ಬೆಳಿಗ್ಗೆ ಆರಕ್ಕೆ ನಾನು ನೋಡಿದಾಗಲೂ ರನ್ನಿಂಗ್‌ನಲ್ಲೇ ಸುಮ್ನೆ ಕೂತಿತ್ತು.

ಕಾರಣ ಇಷ್ಟೇ. ಯೂಸರ್ ಡೇಟಾ ಸ್ಕ್ರಿಪ್ಟ್ ಓಡುವುದು ಮೆಷಿನ್‌ನ ಮೊದಲ ಬೂಟ್‌ನಲ್ಲಿ ಮಾತ್ರ. ಸ್ಟಾಪ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಆ ಸ್ಕ್ರಿಪ್ಟ್ ಓಡಿಸುವ ಕ್ಲೌಡ್‌ಇನಿಟ್ ಅದನ್ನು ಮತ್ತೆ ಮುಟ್ಟುವುದಿಲ್ಲ. ಸ್ಕ್ರಿಪ್ಟ್ ಓಡಲಿಲ್ಲ, ಹಾಗಾಗಿ ಅದರ ಕೊನೆಯ ಸಾಲಿನ ಶಟ್‌ಡೌನ್ ಕೂಡ ಓಡಲಿಲ್ಲ. ಲಿನಕ್ಸ್ ಮೆಷಿನ್‌ಗೆ ಸೆಕೆಂಡ್ ಲೆಕ್ಕದಲ್ಲಿ ಬಿಲ್ ಬರುತ್ತದೆ, 2017ರ ಅಕ್ಟೋಬರ್‌ನಿಂದ ಹೀಗೇ ಇದೆ. ಸೆಕೆಂಡ್ ಲೆಕ್ಕ ಒಳ್ಳೆಯದೇ, ಆದರೆ ಇಡೀ ರಾತ್ರಿಯಲ್ಲಿ ತುಂಬಾ ಸೆಕೆಂಡ್ ಇವೆ ಅಲ್ವಾ.

ಇದನ್ನು ಸರಿಪಡಿಸಲು ಹೋಗಿ ಇನ್ನೊಂದು ತಪ್ಪು ದಾರಿ ಹಿಡಿದೆ. ರನ್ನಿಂಗ್ ಅನ್ನುವ ಈವೆಂಟ್ ಬಂದ ಕೂಡಲೇ ಎರಡನೇ ಲ್ಯಾಂಬ್ಡಾ ಎದ್ದು, ಹೊರಗಿನಿಂದ ಮೆಷಿನ್‌ಗೆ ಕೆಲಸ ಶುರು ಮಾಡು ಅಂತ ಕಮಾಂಡ್ ಕಳಿಸಲಿ ಅಂದುಕೊಂಡೆ. ಈವೆಂಟ್ ಸರಿಯಾಗಿ ಬರುತ್ತಿತ್ತು, ಕಮಾಂಡ್ ಮಾತ್ರ ಮುಟ್ಟುತ್ತಿರಲಿಲ್ಲ. ರನ್ನಿಂಗ್ ಅಂದರೆ ಮೆಷಿನ್‌ಗೆ ಜೀವ ಬಂತು ಅಂತ ಅಷ್ಟೇ. ಒಳಗೆ ಲಿನಕ್ಸ್ ಇನ್ನೂ ಬೂಟ್ ಆಗುತ್ತಿರಬಹುದು, ಕಮಾಂಡ್ ಕೇಳಿಸಿಕೊಳ್ಳುವ ಏಜೆಂಟ್ ಇನ್ನೂ ಎದ್ದಿರುವುದಿಲ್ಲ. ಮೆಷಿನ್ ನೆಟ್ಟಗಿದೆಯಾ ಅಂತ ಇಸಿ2 ಮಾಡುವ ಪರೀಕ್ಷೆಗಳು, ಸಿಸ್ಟಂ ಚೆಕ್, ಇನ್‌ಸ್ಟನ್ಸ್ ಚೆಕ್ ಎರಡೂ ಪಾಸಾಗುವುದು ಆಮೇಲೆ.

ನಮ್ಮ ತೋಟದ ಬೋರ್‌ವೆಲ್ ಮೋಟಾರಿಗೆ ಆಟೋ ಸ್ಟಾರ್ಟರ್ ಇದೆ. ತ್ರೀ ಫೇಸ್ ಬಂತು ಅಂತ ಅದು ತಕ್ಷಣ ಮೋಟಾರ್ ಎಳೆಯುವುದಿಲ್ಲ. ಸ್ವಲ್ಪ ಹೊತ್ತು ಕಾಯುತ್ತದೆ, ಮೂರೂ ಫೇಸ್ ನೆಟ್ಟಗಿವೆಯಾ ನೋಡುತ್ತದೆ, ಆಮೇಲೆ ಎಳೆಯುತ್ತದೆ. ಅಪ್ಪ ಅದನ್ನು ಹಾಕಿಸಿದಾಗ ನಾನು ಪಿಯುಸಿಯಲ್ಲಿದ್ದೆ. ಅಷ್ಟು ಚಿಕ್ಕ ಪೆಟ್ಟಿಗೆ ಮಾಡುವ ಕೆಲಸವನ್ನು ನನ್ನ ಕೋಡ್ ಮಾಡುತ್ತಿರಲಿಲ್ಲ.

ನಾನೂ ಕಾಯಿಸೋಣ ಅಂತ ಲ್ಯಾಂಬ್ಡಾದೊಳಗೇ ಒಂದು ವೇಟರ್ (ಆಗಾಗ ಕೇಳುತ್ತಾ ಕಾಯುವ ಕೋಡ್) ಹಾಕಿದೆ. ಎಡಬ್ಲ್ಯೂಎಸ್‌ನ ಪೈಥಾನ್ ಲೈಬ್ರರಿ ಬೋಟೋ3ಯ ರನ್ನಿಂಗ್ ವೇಟರ್ 15 ಸೆಕೆಂಡಿಗೊಮ್ಮೆ ಕೇಳುತ್ತದೆ, 40 ಸಲ. ನನ್ನ ಲ್ಯಾಂಬ್ಡಾದ ಟೈಮ್‌ಔಟ್ ಡೀಫಾಲ್ಟ್‌ನಲ್ಲೇ ಇತ್ತು, 3 ಸೆಕೆಂಡ್. ಎರಡನೇ ಸಲ ಕೇಳುವ ಮೊದಲೇ ಲ್ಯಾಂಬ್ಡಾ ಸತ್ತಿರುತ್ತಿತ್ತು. ಟೈಮ್‌ಔಟನ್ನು 15 ನಿಮಿಷದವರೆಗೂ ಏರಿಸಬಹುದು, ಆದರೆ ಸುಮ್ಮನೆ ಕಾಯುತ್ತಾ ನಿಲ್ಲಲು ದುಡ್ಡು ಕೊಡುವುದು ನನಗೆ ಸರಿ ಕಾಣಲಿಲ್ಲ.

ಕೊನೆಗೆ ಹೊರಗಿನಿಂದ ಕಮಾಂಡ್ ಕಳಿಸುವ ಯೋಚನೆಯನ್ನೇ ಬಿಟ್ಟೆ. ಮೆಷಿನ್ ಒಳಗೆ ಒಂದು ಸಿಸ್ಟಂಡಿ ಸರ್ವಿಸ್ (ಲಿನಕ್ಸ್ ತಾನಾಗಿ ಶುರು ಮಾಡುವ ಪ್ರೋಗ್ರಾಂ) ಬರೆದೆ. ಪ್ರತಿ ಬೂಟ್‌ನಲ್ಲೂ, ನೆಟ್‌ವರ್ಕ್ ಸಿಕ್ಕಿದ ಮೇಲೆ ಅದು ತಾನೇ ಎದ್ದು ಎಸ್‌ಕ್ಯೂಎಸ್ ಕ್ಯೂನಿಂದ (ಬಂದ ಪುಟಗಳ ಹೆಸರು ಸಾಲಾಗಿ ಕಾಯುವ ಜಾಗ) ಪುಟದ ಹೆಸರು ಎಳೆದುಕೊಳ್ಳುತ್ತದೆ. ತಾನು ತಯಾರಿದ್ದೇನೆ ಅಂತ ಮೆಷಿನ್‌ಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಶಟ್‌ಡೌನ್ ಬಗ್ಗೆ ಒಂದು ಎಚ್ಚರಿಕೆ. ಮೆಷಿನ್ ಒಳಗಿನಿಂದ ಶಟ್‌ಡೌನ್ ಕೊಟ್ಟಾಗ ಏನಾಗಬೇಕು ಅನ್ನುವುದು ಒಂದು ಸೆಟ್ಟಿಂಗ್: ಸ್ಟಾಪ್ ಅಥವಾ ಟರ್ಮಿನೇಟ್. ಡೀಫಾಲ್ಟ್ ಸ್ಟಾಪ್. ಯಾರೋ ಬರೆದ ಟೆಂಪ್ಲೇಟ್ ಎತ್ತಿಕೊಂಡು ಬಂದಿದ್ದರೆ ಮಾತ್ರ ಮೊದಲು ಅದನ್ನು ತೆರೆದು ನೋಡಿ. ಟರ್ಮಿನೇಟ್ ಅಂತಿದ್ದರೆ ರೂಟ್ ಡಿಸ್ಕ್ ಕೂಡ ಸಾಮಾನ್ಯವಾಗಿ ಜೊತೆಗೇ ಹೋಗುತ್ತದೆ.

412 ಪುಟ

ಮೂರನೇ ವಾರ ಮೇಷ್ಟ್ರು ಒಂದು ಇಡೀ ಪುಸ್ತಕವನ್ನು ಒಟ್ಟಿಗೆ ಹಾಕಿದರು, 412 ಪುಟ. ಲ್ಯಾಂಬ್ಡಾ 412 ಸಲ ಎದ್ದಿತು, 412 ಸಲ ಮೆಷಿನ್ ಸ್ಟಾರ್ಟ್ ಮಾಡು ಅಂತ ಕೇಳಿತು. ಆಗಲೇ ಓಡುತ್ತಿರುವ ಮೆಷಿನ್‌ಗೆ ಸ್ಟಾರ್ಟ್ ಹೇಳಿದರೆ ತೊಂದರೆ ಏನಿಲ್ಲ, ಆದರೆ ಅಷ್ಟು ವೇಗವಾಗಿ ಕೇಳಿದರೆ ಮಿತಿ ಮೀರಿದೆ ಅನ್ನುವ ಎರರ್ ಬರುತ್ತದೆ. ಬಂತು. ಪುಟಗಳ ಹೆಸರು ಆಗಲೇ ಕ್ಯೂನಲ್ಲಿ ಇದ್ದದ್ದರಿಂದ ಯಾವುದೂ ಕಳೆಯಲಿಲ್ಲ.

ಅದೇ ವಾರ ಕ್ಯೂನ ಇನ್ನೊಂದು ಡೀಫಾಲ್ಟ್ ಕಾಡಿತು. ಒಂದು ಮೆಸೇಜ್ ತೆಗೆದುಕೊಂಡ ಮೇಲೆ ಅದು 30 ಸೆಕೆಂಡ್ ಮಾತ್ರ ಬೇರೆಯವರಿಗೆ ಕಾಣದಂತೆ ಇರುತ್ತದೆ. ದಟ್ಟವಾಗಿ ಅಚ್ಚಾದ ಪುಟಕ್ಕೆ ನನ್ನ ಮೆಷಿನ್ 40 ಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಅಷ್ಟರಲ್ಲಿ ಅದೇ ಪುಟ ಇನ್ನೊಂದು ಪ್ರಾಸೆಸ್‌ಗೆ ಸಿಕ್ಕಿ ಎರಡು ಸಲ ಕೆಲಸ ಆಗುತ್ತಿತ್ತು. 10 ನಿಮಿಷಕ್ಕೆ ಏರಿಸಿದೆ.

ಇನ್ನು ಸ್ಕ್ಯಾನ್ ಆದ ಪುಟದ ಒಂದು ಟಿಫ್ ಫೈಲ್ ಅರ್ಧ ಮಾತ್ರ ಅಪ್‌ಲೋಡ್ ಆಗಿ ಕೆಟ್ಟಿತ್ತು. ಅದನ್ನು ತೆರೆಯಲು ಹೋಗಿ ಸ್ಕ್ರಿಪ್ಟ್ ಬೀಳುತ್ತದೆ, ಪುಟ ಕ್ಯೂಗೆ ವಾಪಸ್, ಮತ್ತೆ ಅದೇ. ಕ್ಯೂ ಖಾಲಿ ಆಗುವುದೇ ಇಲ್ಲ, ಮೆಷಿನ್ ಮಲಗುವುದೇ ಇಲ್ಲ. ಒಂದು ಭಾನುವಾರ ಪೂರ್ತಿ ಒಂದೇ ಪುಟದ ಮೇಲೆ ಹೋಯಿತು. ಈಗ ಮೂರು ಸಲ ಸೋತ ಪುಟ ಬೇರೆ ಕ್ಯೂಗೆ ಹೋಗುತ್ತದೆ, ನನಗೆ ಮೇಲ್ ಬರುತ್ತದೆ, ನಾನು ಮೇಷ್ಟ್ರಿಗೆ ಪುಟದ ಸಂಖ್ಯೆ ಹೇಳುತ್ತೇನೆ.

ಸಿಗದೇ ಹೋದ ಹದಿನೇಳು ಪುಟ

ಇದು ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡಿದ ತೊಂದರೆ. ಬುಧವಾರ ಬೆಳಿಗ್ಗೆ ಫೋನ್ ಬಂತು. "ಏನಪ್ಪಾ, ಸೋಮವಾರ ಹಾಕಿದ ಹದಿನೇಳು ಪುಟ ಇನ್ನೂ ಬಂದೇ ಇಲ್ವಲ್ಲ. ನಾನೇ ಏನಾದ್ರೂ ತಪ್ಪು ಮಾಡಿದ್ನಾ?" "ಇಲ್ಲ ಸಾರ್, ತಪ್ಪು ನನ್ನ ಕಡೆಯದೇ ಇರಬೇಕು, ನೋಡ್ತೀನಿ" ಅಂದೆ. ಅವರು ತಮ್ಮದೇ ತಪ್ಪು ಅಂದುಕೊಂಡು ಎರಡು ದಿನ ಹೇಳದೆ ಇದ್ದರು ಅನ್ನುವುದು ನನಗೆ ತುಂಬಾ ಬೇಸರ ತಂದಿತು.

ಲಾಗ್ ತೆಗೆದೆ. ಸೋಮವಾರ ರಾತ್ರಿ 9:14ಕ್ಕೆ ಮೆಷಿನ್ ಹಳೆಯ ಕೆಲಸ ಮುಗಿಸಿ ಶಟ್‌ಡೌನ್ ಕೊಟ್ಟಿದೆ. ಅದೇ ನಿಮಿಷದಲ್ಲಿ ಮೇಷ್ಟ್ರ ಹದಿನೇಳು ಪುಟ ಬಂದಿವೆ. ಲ್ಯಾಂಬ್ಡಾ ಎದ್ದು ಸ್ಟಾರ್ಟ್ ಕೇಳಿದೆ. ಮೆಷಿನ್ ಆಗ ಸ್ಟಾಪಿಂಗ್‌ನಲ್ಲಿತ್ತು. ಸ್ಟಾಪಿಂಗ್‌ನಲ್ಲಿರುವ ಮೆಷಿನನ್ನು ಸ್ಟಾರ್ಟ್ ಮಾಡಲು ಆಗುವುದಿಲ್ಲ. ಈ ಸ್ಥಿತಿಯಿಂದ ಶುರು ಮಾಡಲಾಗದು ಅಂತ ಎರರ್ ಬರುತ್ತದೆ, ಸ್ಟಾಪ್ಡ್ ಆಗುವವರೆಗೆ ಕಾಯಲೇಬೇಕು.

ಲ್ಯಾಂಬ್ಡಾ ಹೀಗೆ ಸೋತರೆ ಒಂದು ನಿಮಿಷ ಬಿಟ್ಟು ಮತ್ತೆ, ಆಮೇಲೆ ಇನ್ನೆರಡು ನಿಮಿಷ ಬಿಟ್ಟು ಮತ್ತೊಮ್ಮೆ ಅದನ್ನು ತಾನಾಗಿಯೇ ಓಡಿಸುವ ಏರ್ಪಾಟು ಇದೆ. ಆ ಎರಡು ಪ್ರಯತ್ನದಲ್ಲಿ ಒಂದಾದರೂ ಗೆಲ್ಲುತ್ತಿತ್ತು. ಆದರೆ 412 ಪುಟದ ಗಲಾಟೆಯಲ್ಲಿ ಎರರ್ ಮೇಲ್‌ಗಳು ಬಂದು ಬಂದು ಸಾಕಾಗಿ, ನಾನು ಎಲ್ಲ ಎರರ್‌ಗಳನ್ನೂ ಕೋಡ್‌ನಲ್ಲೇ ಹಿಡಿದು ಲಾಗ್‌ಗೆ ಒಂದು ಸಾಲು ಬರೆದು ಎಲ್ಲ ಸರಿ ಅಂತ ವಾಪಸ್ ಬರುವ ಹಾಗೆ ಮಾಡಿದ್ದೆ. ಎಲ್ಲ ಸರಿ ಅಂದ ಮೇಲೆ ಯಾರು ಯಾಕೆ ಮತ್ತೆ ಪ್ರಯತ್ನಿಸುತ್ತಾರೆ? ಮಂಗಳವಾರ ಮೇಷ್ಟ್ರು ಹೊಸ ಪುಟ ಹಾಕಲಿಲ್ಲ, ಮೆಷಿನ್ ಏಳಲಿಲ್ಲ. ಹದಿನೇಳು ಪುಟ ಕ್ಯೂನಲ್ಲಿ ಕಾಯುತ್ತಾ ಕೂತವು. ಎಸ್‌ಕ್ಯೂಎಸ್ ಡೀಫಾಲ್ಟ್ ಆಗಿ 4 ದಿನ ಮಾತ್ರ ಮೆಸೇಜ್ ಇಟ್ಟುಕೊಳ್ಳುತ್ತದೆ. ಮೇಷ್ಟ್ರು ಶುಕ್ರವಾರ ದಾಟಿಸಿ ಫೋನ್ ಮಾಡಿದ್ದರೆ ಅವು ಅಳಿಸಿಹೋಗಿರುತ್ತಿದ್ದವು. ಅದನ್ನು ಅವತ್ತೇ 14 ದಿನಕ್ಕೆ ಏರಿಸಿದೆ, ಅದಕ್ಕಿಂತ ಜಾಸ್ತಿ ಆಗುವುದಿಲ್ಲ.

ಮೊದಲ ತಿದ್ದುಪಡಿಯಲ್ಲಿ ಮತ್ತೆ ಎಡವಿದೆ. ಎಡಬ್ಲ್ಯೂಎಸ್‌ನ ಡೇಟಾಬೇಸ್ ಡೈನಮೋಡಿಬಿಯಲ್ಲಿ ಒಂದು ಟೇಬಲ್ ಮಾಡಿ, ಪ್ರತಿ ಸ್ಟೇಟ್ ಈವೆಂಟ್ ಬಂದಾಗ ಅದರಲ್ಲಿ ಮೆಷಿನ್‌ನ ಸ್ಥಿತಿ ಬರೆದಿಡುವುದು, ಸ್ಟಾರ್ಟ್ ಮಾಡುವ ಮೊದಲು ಟೇಬಲ್ ನೋಡುವುದು. ಕೇಳಲು ಚೆನ್ನಾಗಿದೆ. ಆದರೆ ಈವೆಂಟ್‌ಬ್ರಿಡ್ಜ್ ಈವೆಂಟ್‌ಗಳನ್ನು ಅದೇ ಕ್ರಮದಲ್ಲಿ ಕೊಡುತ್ತೇನೆ ಅಂತ ಮಾತು ಕೊಡುವುದಿಲ್ಲ, ಒಂದೇ ಈವೆಂಟ್ ಎರಡು ಸಲವೂ ಬರಬಹುದು. ನಾಲ್ಕನೇ ದಿನಕ್ಕೆ ಸ್ಟಾಪ್ಡ್ ಮೊದಲು ಬಂತು, ಸ್ಟಾಪಿಂಗ್ ಆಮೇಲೆ ಬಂತು. ಟೇಬಲ್‌ನಲ್ಲಿ ಸ್ಟಾಪಿಂಗ್ ಅಂತ ಉಳಿಯಿತು. ನನ್ನ ಕೋಡ್ ಅದನ್ನು ನಂಬಿಕೊಂಡು ಎಂದೂ ಮುಗಿಯದ ಸ್ಟಾಪಿಂಗ್‌ಗಾಗಿ ಕಾಯುತ್ತಾ ಕೂತಿತು.

ಟೇಬಲ್ ಅಳಿಸಿದೆ. ಆ ರಾತ್ರಿ ಕೋಡ್ ಮುಚ್ಚಿಟ್ಟು ಕಾಗದದ ಮೇಲೆ ಬರೆಯುತ್ತಾ ಕೂತೆ. ಈವೆಂಟ್ ಅಂದರೆ ಪಕ್ಕದ ಮನೆಯವರು ಬಂದು "ನಿಮ್ಮ ತೋಟದಲ್ಲಿ ಮೋಟಾರ್ ನಿಂತ ಹಾಗಿತ್ತು" ಅಂತ ಹೇಳಿ ಹೋದ ಹಾಗೆ. ಆ ಮಾತು ಕೇಳಿ ತೋಟಕ್ಕೆ ಹೋಗಬೇಕು ನಿಜ. ಆದರೆ ಮೋಟಾರ್ ನಿಂತಿದೆಯೋ ಓಡುತ್ತಿದೆಯೋ ಅನ್ನುವುದನ್ನು ಅಲ್ಲಿ ನಿಂತು ನಮ್ಮ ಕಣ್ಣಲ್ಲೇ ನೋಡಬೇಕು.

ಈಗಿರುವ ರೂಪ

ಈಗ ಇರುವುದು ಒಂದೇ ಲ್ಯಾಂಬ್ಡಾ. ಅದನ್ನು ಯಾರು ಎಬ್ಬಿಸಿದರೂ ಮಾಡುವ ಕೆಲಸ ಒಂದೇ. ಕ್ಯೂನಲ್ಲಿ ಪುಟ ಇದೆಯಾ ನೋಡುತ್ತದೆ. ಮೆಷಿನ್ ಈ ಕ್ಷಣ ಯಾವ ಸ್ಟೇಟ್‌ನಲ್ಲಿದೆ ಅಂತ ಇಸಿ2ನ್ನೇ ಕೇಳುತ್ತದೆ. ಪುಟ ಇದ್ದು ಮೆಷಿನ್ ಸ್ಟಾಪ್ಡ್ ಆಗಿದ್ದರೆ ಸ್ಟಾರ್ಟ್. ಪೆಂಡಿಂಗ್ ಅಥವಾ ರನ್ನಿಂಗ್ ಇದ್ದರೆ ಏನೂ ಮಾಡುವುದಿಲ್ಲ. ಸ್ಟಾಪಿಂಗ್ ಇದ್ದರೂ ಏನೂ ಮಾಡುವುದಿಲ್ಲ, ಯಾಕೆಂದರೆ ಸ್ಟಾಪ್ಡ್ ಆದಾಗ ಬರುವ ಈವೆಂಟ್ ಇದೇ ಲ್ಯಾಂಬ್ಡಾವನ್ನು ಮತ್ತೆ ಎಬ್ಬಿಸುತ್ತದೆ. ಆ ಈವೆಂಟ್ ಅಕಸ್ಮಾತ್ ತಪ್ಪಿದರೆ? ಅದಕ್ಕೇ 5 ನಿಮಿಷಕ್ಕೊಮ್ಮೆ ಶೆಡ್ಯೂಲರ್ ಕೂಡ ಎಬ್ಬಿಸುತ್ತದೆ. ಎಸ್3ಗೆ ಪುಟ ಬಂದಾಗ ಹೆಸರು ನೇರ ಕ್ಯೂಗೆ ಹೋಗುತ್ತದೆ, ಅದರಿಂದ ಈಗ ಲ್ಯಾಂಬ್ಡಾ ಏಳುವುದಿಲ್ಲ. ಹೆಚ್ಚೆಂದರೆ ಐದು ನಿಮಿಷ ತಡ, ನೂರು ವರ್ಷದ ಹಿಂದಿನ ಪುಸ್ತಕಕ್ಕೆ ಐದು ನಿಮಿಷ ಏನು ಮಹಾ.

ಕ್ಯೂ ಎಣಿಸುವಾಗ ಕಾಣುವ ಮೆಸೇಜ್‌ಗಳ ಜೊತೆ, ಯಾರೋ ತೆಗೆದುಕೊಂಡು ಇನ್ನೂ ಮುಗಿಸದೆ ಇರುವವನ್ನೂ ಸೇರಿಸಿ ಎಣಿಸಿ. ಮೆಷಿನ್ ಪುಟದ ನಡುವೆ ಬಿದ್ದರೆ ಆ ಪುಟ 10 ನಿಮಿಷ ಯಾರಿಗೂ ಕಾಣುವುದಿಲ್ಲ, ಬರೀ ಮೊದಲನೆಯದನ್ನು ಎಣಿಸಿದರೆ ಕ್ಯೂ ಖಾಲಿ ಅಂತ ಅನಿಸುತ್ತದೆ. ಎರಡೂ ಅಂದಾಜು ಸಂಖ್ಯೆಗಳು ಅನ್ನುವುದೂ ನೆನಪಿರಲಿ.

ಈವೆಂಟ್‌ನಲ್ಲಿ ಮೆಷಿನ್‌ನ ಟ್ಯಾಗ್ (ನಾವು ಅದಕ್ಕೆ ಅಂಟಿಸುವ ಹೆಸರುಚೀಟಿ) ಇರುವುದಿಲ್ಲ. ನನ್ನ ಅಕೌಂಟಿನಲ್ಲಿ ಇನ್ನೊಂದು ಟೆಸ್ಟ್ ಮೆಷಿನ್ ಇದೆ, ಅದನ್ನು ನಿಲ್ಲಿಸಿದಾಗಲೂ ಲ್ಯಾಂಬ್ಡಾ ಏಳುತ್ತಿತ್ತು. ಈಗಿನ ರೂಪದಲ್ಲಿ ಅದರಿಂದ ಕೆಡುವುದೇನೂ ಇಲ್ಲ, ಒಂದು ಸಲ ಜಾಸ್ತಿ ನೋಡುತ್ತದೆ ಅಷ್ಟೇ. ಈವೆಂಟ್‌ಬ್ರಿಡ್ಜ್‌ನ ರೂಲ್‌ನಲ್ಲಿ ಐಡಿ ಹಾಕಿ ತಡೆಯಬಹುದು, ಆದರೆ ಮೆಷಿನ್ ಹೊಸದಾಗಿ ಮಾಡಿದರೆ ಐಡಿ ಬದಲಾಗುತ್ತದೆ, ನಾನು ಮರೆಯುತ್ತೇನೆ. ಹಾಗಾಗಿ ಲ್ಯಾಂಬ್ಡಾದೊಳಗೆ ಟ್ಯಾಗ್ ಕೊಟ್ಟು ಮೆಷಿನ್ ಹುಡುಕುತ್ತೇನೆ. ಟರ್ಮಿನೇಟ್ ಆದ ಹಳೆಯ ಮೆಷಿನ್ ಕೂಡ ಸ್ವಲ್ಪ ಹೊತ್ತು ಪಟ್ಟಿಯಲ್ಲಿ ಅದೇ ಟ್ಯಾಗ್ ಜೊತೆ ಉಳಿದಿರುತ್ತದೆ, ಅದನ್ನು ಬಿಟ್ಟು ಹುಡುಕಬೇಕು.

ಮಲಗುವುದನ್ನು ತೀರ್ಮಾನಿಸುವುದು ಮೆಷಿನ್ನೇ. ಕ್ಯೂನಲ್ಲಿ 20 ಸೆಕೆಂಡ್ ಕಾದು ಕೇಳುತ್ತದೆ, ಹೀಗೆ ಸತತ 15 ಸಲ ಏನೂ ಸಿಗದಿದ್ದರೆ ಶಟ್‌ಡೌನ್.

ಕೊನೆಯದಾಗಿ ರಾತ್ರಿ ಕಾವಲು. ಏನೇ ಆಗಲಿ ರಾತ್ರಿ 11ಕ್ಕೆ ಮೆಷಿನ್ ನಿಲ್ಲಲಿ ಅಂತ ಹಳೆಯ ರೀತಿಯ ಕ್ರಾನ್ ರೂಲ್‌ನಲ್ಲಿ (ಗೊತ್ತಾದ ಹೊತ್ತಿಗೆ ಕೆಲಸ ಓಡಿಸುವ ರೂಲ್) 23 ಅಂತ ಬರೆದೆ. ಆ ರೂಲ್ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಲೆಕ್ಕದ್ದು, ಮೆಷಿನ್ ನಿಂತದ್ದು ಬೆಳಗಿನ ಜಾವ 4:30ಕ್ಕೆ. 2022ರ ನವೆಂಬರ್‌ನಲ್ಲಿ ಬಂದ ಈವೆಂಟ್‌ಬ್ರಿಡ್ಜ್ ಶೆಡ್ಯೂಲರ್‌ನಲ್ಲಿ ಏಷ್ಯಾ/ಕೋಲ್ಕತ್ತಾ ಅಂತ ಟೈಮ್‌ಝೋನ್ ಕೊಡಬಹುದು, ಅದಕ್ಕೆ ಬದಲಾಯಿಸಿದೆ. ಬದಲಾಯಿಸಿದ ಮೊದಲ ರಾತ್ರಿ ಕ್ಯೂನಲ್ಲಿ ಇನ್ನೂ ಪುಟಗಳಿದ್ದವು. ಕಾವಲು ಮೆಷಿನ್ ನಿಲ್ಲಿಸಿತು, ಸ್ಟಾಪ್ಡ್ ಈವೆಂಟ್ ಬಂತು, ಲ್ಯಾಂಬ್ಡಾ ಎದ್ದು ಪುಟ ಇದೆ ಅಂತ ನೋಡಿ ಮತ್ತೆ ಸ್ಟಾರ್ಟ್ ಮಾಡಿತು. ಲ್ಯಾಂಬ್ಡಾದ ಕಡೆಯಿಂದ ನೋಡಿದರೆ ಅದು ಮಾಡಿದ್ದು ಸರಿಯೇ. ಈಗ ರಾತ್ರಿ 11ರಿಂದ ಬೆಳಿಗ್ಗೆ 6ರವರೆಗೆ ಅದು ಯಾವ ಮೆಷಿನನ್ನೂ ಎಬ್ಬಿಸುವುದಿಲ್ಲ. ಲ್ಯಾಂಬ್ಡಾದ ಗಡಿಯಾರವೂ ಯುಟಿಸಿಯೇ, ಐದೂವರೆ ಗಂಟೆ ಕೂಡಿಸುವುದು ಮರೆಯಬೇಡಿ.

ಬೇರೆ ಕ್ಲೌಡಿನಲ್ಲಿ ಮಾಡುವವರಿಗೆ

ಇದೇ ಕೆಲಸ ಬೇರೆ ಕಡೆ ಮಾಡಿದರೆ ಹೆಸರುಗಳು ಮೋಸ ಮಾಡುತ್ತವೆ. ಮೈಕ್ರೋಸಾಫ್ಟ್‌ನ ಅಜೂರ್‌ನಲ್ಲಿ ಮೆಷಿನ್ ಒಳಗಿನಿಂದ ಶಟ್‌ಡೌನ್ ಕೊಟ್ಟರೆ ಅದು ಸ್ಟಾಪ್ಡ್ ಆಗುತ್ತದೆ, ಆದರೆ ಬಿಲ್ ಓಡುತ್ತಲೇ ಇರುತ್ತದೆ. ಡೀಅಲೊಕೇಟೆಡ್ ಆದರೆ (ಹಿಡಿದಿಟ್ಟ ಹಾರ್ಡ್‌ವೇರ್ ಬಿಟ್ಟುಕೊಟ್ಟರೆ) ಮಾತ್ರ ಮೆಷಿನ್‌ನ ಬಿಲ್ ನಿಲ್ಲುತ್ತದೆ, ಅದನ್ನು ಹೊರಗಿನಿಂದ ಕೇಳಬೇಕು. ನನ್ನ ಈ ವಿನ್ಯಾಸ ಅಲ್ಲಿ ಹಾಗೇ ಇಟ್ಟರೆ ದುಡ್ಡು ಸೋರುತ್ತದೆ. ಗೂಗಲ್ ಕ್ಲೌಡಿನ ಎಪಿಐ ನಿಂತ ಮೆಷಿನ್‌ಗೆ ಟರ್ಮಿನೇಟೆಡ್ ಅನ್ನುತ್ತದೆ. ಅದನ್ನು ಮತ್ತೆ ಸ್ಟಾರ್ಟ್ ಮಾಡಬಹುದು. ಇಸಿ2ನ ಟರ್ಮಿನೇಟೆಡ್‌ನಿಂದ ವಾಪಸ್ ಬರುವ ದಾರಿ ಇಲ್ಲ.

ಇಸಿ2ನಲ್ಲೂ ಸ್ಟಾಪ್ಡ್ ಅಂದರೆ ಪೂರ್ತಿ ಬಿಟ್ಟಿ ಅಂತ ಅಲ್ಲ. ಡಿಸ್ಕ್‌ಗೆ ದುಡ್ಡು ಹೋಗುತ್ತಲೇ ಇರುತ್ತದೆ. ನಾನು ಮೊದಲು ಎಲಾಸ್ಟಿಕ್ ಐಪಿ (ಬದಲಾಗದ ಪಬ್ಲಿಕ್ ವಿಳಾಸ) ಇಟ್ಟಿದ್ದೆ. 2024ರ ಫೆಬ್ರವರಿ 1ರಿಂದ ಪ್ರತಿ ಪಬ್ಲಿಕ್ ಐಪಿವಿ4 ವಿಳಾಸಕ್ಕೂ ಗಂಟೆಗೆ 0.005 ಡಾಲರ್ ಇದೆ, ಮೆಷಿನ್ ಮಲಗಿದ್ದರೂ ಎಲಾಸ್ಟಿಕ್ ಐಪಿಗೆ ಅದು ಬೀಳುತ್ತದೆ. ತೆಗೆದುಹಾಕಿದೆ. ತಾನಾಗಿ ಸಿಗುವ ಪಬ್ಲಿಕ್ ಐಪಿ ಪ್ರತಿ ಸ್ಟಾರ್ಟ್‌ಗೂ ಬದಲಾಗುತ್ತದೆ, ನನ್ನ ಮೆಷಿನ್ ಹೊರಗೆ ಹೋಗಿ ಕೆಲಸ ಎಳೆದುಕೊಳ್ಳುತ್ತದೆ, ಅದರ ವಿಳಾಸ ಯಾರಿಗೂ ಬೇಕಿಲ್ಲ.

ನಿನ್ನೆ ಸಂಜೆಯ ಲಾಗ್ ಹೀಗಿದೆ. 8:41ಕ್ಕೆ ಮೆಷಿನ್ ಶಟ್‌ಡೌನ್ ಕೊಟ್ಟಿದೆ. ಅದೇ ನಿಮಿಷ ಮೇಷ್ಟ್ರ 38 ಪುಟ ಕ್ಯೂಗೆ ಬಂದಿವೆ. ಲ್ಯಾಂಬ್ಡಾ ಒಂದು ಸಲ ಎದ್ದು, ಸ್ಟಾಪಿಂಗ್ ಅಂತ ನೋಡಿ, ಸುಮ್ಮನೆ ಹೋಗಿದೆ. 8:42ಕ್ಕೆ ಸ್ಟಾಪ್ಡ್, ಹಿಂದೆಯೇ ಪೆಂಡಿಂಗ್, ಆಮೇಲೆ ರನ್ನಿಂಗ್. 9 ಗಂಟೆ ಹೊತ್ತಿಗೆ 38 ಪುಟವೂ ಪಠ್ಯವಾಗಿ ಬಕೆಟ್‌ನಲ್ಲಿ. ಮೇಷ್ಟ್ರು ಇವತ್ತು ಬೆಳಿಗ್ಗೆ ಫೋನ್ ಮಾಡಿದ್ದು ಬೇರೆ ವಿಷಯಕ್ಕೆ: ಹಳೆಯ ಮೊಳೆಯಚ್ಚಿನ ಅರ್ಕಾವೊತ್ತನ್ನು ಟೆಸೆರಾಕ್ಟ್ ಎಲ್ಲ ಕಡೆ 9 ಅಂತ ಓದುತ್ತಿದೆಯಂತೆ. ಈ ಶನಿವಾರ ಅದಕ್ಕೆ ಕೂರಬೇಕು.